ಕಾಗದದ ಸಾಕ್ಷಿ, ಕಂಠದ ಸಾಕ್ಷಿ

ಬೆಳಗಾವಿ ಬಳಿಯ ಕಾಕತಿ, ಕಿತ್ತೂರು ರಾಣಿ ಚೆನ್ನಮ್ಮನ ತವರೂರು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದನ್ನು ಕಂಪನಿ ಕಾಗದಕ್ಕಿಳಿಸಿತು, ಜನ ಹಾಡಿಗಿಳಿಸಿದರು. 2003ರಲ್ಲಿ ಆರಂಭವಾದ, ಎಲ್ಲರೂ ಸೇರಿ ಬರೆಯುವ ಕನ್ನಡ ವಿಕಿಪೀಡಿಯ ಅಚ್ಚಾದ ಆಧಾರ ಕೇಳುತ್ತದೆ. ಜಗಳ ಹುಟ್ಟುವುದು ಇಲ್ಲೇ: ಹಾಡು ಆಧಾರವಲ್ಲವೇ?

ನಿಯಮ ತಪ್ಪೆಂದು ನಾವು ಹೇಳಲಾರೆವು. ಅದಿಲ್ಲದಿದ್ದರೆ ಗಾಳಿಮಾತೂ ಚರಿತ್ರೆಯಾದೀತು. ಆದರೆ ಹಲಗಲಿ ಬೇಡರ ಲಾವಣಿ ಆಧಾರವೆನಿಸಿದ್ದು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಅಚ್ಚು ಹಾಕಿಸಿದ ಮೇಲೆ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಬಾಯಿಮಾತನ್ನು ತಳ್ಳಿಹಾಕಲಿಲ್ಲ. ಯಾರಿಂದ ಯಾರು ಕೇಳಿದರೆಂದು ಒಂದೊಂದೇ ಕೊಂಡಿ ಹಿಡಿದು ಒರೆಗೆ ಹಚ್ಚಿದರು. ನಾವೂ ಕಾಕತಿಯ ಹಿರಿಯರ ಮಾತನ್ನು ಹೇಳಿದವರ ಹೆಸರು, ಊರು, ವರ್ಷ ಸಹಿತ ಬರೆದು ಅಚ್ಚು ಮಾಡೋಣ. ಹಿರಿಯರು ಹೋದ ಮೇಲೆ ನಿಯಮದ ಜಗಳ ಗೆದ್ದು ಏನು ಪ್ರಯೋಜನ?