ಹೆರಿಗೆ ಕೋಣೆಗೆ ಮರಳಬೇಕಾದ ಓದು: ಯಾದಗಿರಿ ಜಿಲ್ಲೆ ಮತ್ತು ಸ್ನಾತಕೋತ್ತರ ನರ್ಸಿಂಗ್

ಕರ್ನಾಟಕದಲ್ಲಿ ಎಂ.ಎಸ್ಸಿ. ನರ್ಸಿಂಗ್ ಮುಗಿಸಿದವರು ಬಹುತೇಕ ಸೇರುವುದು ನರ್ಸಿಂಗ್ ಕಾಲೇಜುಗಳನ್ನು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮಗಳ ಪ್ರಕಾರ ಪ್ರಾಧ್ಯಾಪಕ ಹುದ್ದೆಗೆ ಆ ಪದವಿ ಬೇಕೇಬೇಕು. ವಾರ್ಡಿನಲ್ಲಿ ರೋಗಿಯ ಆರೈಕೆಗೆ ಅದನ್ನು ಯಾರೂ ಕೇಳುವುದಿಲ್ಲ. ಶುಶ್ರೂಷಾಧಿಕಾರಿಯಿಂದ ಅಧೀಕ್ಷಕರವರೆಗಿನ ಸರ್ಕಾರಿ ಬಡ್ತಿ ಮುಖ್ಯವಾಗಿ ಸೇವಾ ಹಿರಿತನವನ್ನು ನೋಡುತ್ತದೆ. ಹೀಗಾಗಿ ಹೆಚ್ಚು ಓದಿದ ದಾದಿ ರೋಗಿಯಿಂದ ಹೆಚ್ಚು ದೂರ ಸರಿಯುತ್ತಾಳೆ. ಈ ವ್ಯವಸ್ಥೆಯ ಪೆಟ್ಟು ಯಾದಗಿರಿ, ಶಹಾಪುರ, ಸುರಪುರದಂಥ ಕಡೆ ಜೋರಾಗಿ ಬೀಳುತ್ತದೆ. ಮುಂದುವರಿದ ನರ್ಸಿಂಗ್ ವೃತ್ತಿಗೆ ನಿಜವಾದ ಕೆಲಸ ಕಾದಿರುವುದೂ ಇಲ್ಲಿಯೇ ಎಂಬುದು ಈ ಲೇಖನದ ವಾದ.

2009ರ ಕೊನೆಯಲ್ಲಿ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರೆಯಾದಾಗ ಯಾದಗಿರಿಯಲ್ಲಿದ್ದದ್ದು ಈ ಮೂರೇ ತಾಲ್ಲೂಕುಗಳು. ಗುರುಮಠಕಲ್, ವಡಗೇರಾ, ಹುಣಸಗಿ ಆಮೇಲೆ ಬಂದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಇಲ್ಲಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಕರ್ನಾಟಕದಿಂದ ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಆರಿಸಿದ್ದು ರಾಯಚೂರು ಮತ್ತು ಯಾದಗಿರಿಯನ್ನು.

ಅಂಕಿಗಳ ಹಿಂದಿರುವ ಬದುಕನ್ನು ತಿಳಿಯದೆ ಇಲ್ಲಿನ ಶುಶ್ರೂಷೆಯ ಸಮಸ್ಯೆ ಅರ್ಥವಾಗದು. ಬಸವಸಾಗರ ಜಲಾಶಯದ ಕಾಲುವೆ ನೀರು ಹರಿದ ಕಡೆ ಭತ್ತ ಬಂದಿದೆ. ಹರಿಯದ ಕಡೆಯಿಂದ ಜನ ಇಂದಿಗೂ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಗರ್ಭಿಣಿಯರೂ ಹೋಗುತ್ತಾರೆ. ಗಂಡನ ಊರಿನಲ್ಲಿ ತಾಯಿ ಕಾರ್ಡ್ ಮಾಡಿಸಿ, ನಡುವಿನ ತಿಂಗಳುಗಳನ್ನು ಕಟ್ಟಡ ಕೆಲಸದ ಜಾಗದಲ್ಲಿ ಕಳೆದು, ಹೆರಿಗೆಗೆ ತವರಿಗೆ ಬರುವ ಹೆಣ್ಣುಮಗಳ ರಕ್ತಹೀನತೆಯನ್ನು ಮೊದಲಿಂದ ಕೊನೆಯವರೆಗೆ ಒಬ್ಬರೇ ನೋಡಿದ್ದು ಅಪರೂಪ. ಅವಳು ಸುರಪುರದ ದವಾಖಾನೆಗೆ ರಾತ್ರಿ ಬಂದಿಳಿದಾಗ ಹಿಂದಿನ ಕಥೆಯನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಕೇಳಿ ತಿಳಿದು ಅಪಾಯವನ್ನು ಅಳೆಯಬೇಕಾದವಳು ಪಾಳಿಯಲ್ಲಿರುವ ಸಿಸ್ಟರ್. ಅವಳಿಗೆ ಬೇಕಿರುವುದು ಮುಂದುವರಿದ ದೈಹಿಕ ಪರೀಕ್ಷೆ, ಔಷಧಶಾಸ್ತ್ರ ಮತ್ತು ವೈದ್ಯಕೀಯ ನಿರ್ಣಯದ ತರಬೇತಿ. ಸ್ನಾತಕೋತ್ತರ ಪಠ್ಯದಲ್ಲಿ ಇವೆಲ್ಲ ಇವೆ. ಓದಿದವರು ಮಾತ್ರ ಅಲ್ಲಿಲ್ಲ.

ಉತ್ತರ ಕರ್ನಾಟಕದಲ್ಲಿ ದಾದಿಯರ ನಾಯಕತ್ವವನ್ನು ಕಠಿಣವಾದ ಪರೀಕ್ಷೆಗೆ ಒಡ್ಡಿದ ಒಂದು ಪ್ರಯೋಗ ನಡೆದಿದೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಗಳು ರಾಜ್ಯ ಸರ್ಕಾರದೊಂದಿಗೆ ಸೇರಿ ನಡೆಸಿದ ‘ಸುಕ್ಷೇಮ’ ಯೋಜನೆಯ ವ್ಯಾಪ್ತಿಯಲ್ಲಿ ಯಾದಗಿರಿಯೂ ಸೇರಿ ಎಂಟು ಜಿಲ್ಲೆಗಳಿದ್ದವು. ಅದರ ಅಂಗವಾಗಿ ಬಳ್ಳಾರಿ ಮತ್ತು ಗುಲಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, 54 ಕೇಂದ್ರಗಳಿಗೆ ವಿಶೇಷ ತರಬೇತಿ ಪಡೆದ ಮಾರ್ಗದರ್ಶಕ ದಾದಿಯರನ್ನು ಕಳಿಸಲಾಯಿತು. ಅವರು ಬಂದು ಉಪನ್ಯಾಸ ಕೊಟ್ಟು ಹೋಗಲಿಲ್ಲ. ಹೆರಿಗೆ ಕೋಣೆಯಲ್ಲೇ ಉಳಿದು, ಕೇಸ್ ಶೀಟ್ ತುಂಬಿಸಿ, ಔಷಧ ದಾಸ್ತಾನು ನೋಡಿ, ನಡೆದ ತಪ್ಪನ್ನು ಅಲ್ಲಿನ ಸಿಸ್ಟರ್‌ಗಳ ಜೊತೆ ಕುಳಿತು ಬಿಡಿಸಿದರು. ಆ ಕೇಂದ್ರಗಳ ಸಿದ್ಧತೆ ಮತ್ತು ತೊಡಕಿನ ಹೆರಿಗೆ ನಿಭಾಯಿಸುವ ಸಿಬ್ಬಂದಿಯ ತಿಳಿವಳಿಕೆ ಉಳಿದ ಕೇಂದ್ರಗಳಿಗಿಂತ ಸುಧಾರಿಸಿದವು. ನಾಯಕತ್ವದ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿರುವ ವ್ಯಾಖ್ಯೆಗಳಿಗಿಂತ ಈ ಕೆಲಸ ನನಗೆ ಹೆಚ್ಚು ಕಲಿಸುತ್ತದೆ. ಆದರೆ ಮಾರ್ಗದರ್ಶಕ ದಾದಿ ಎಂಬುದು ಯೋಜನೆಯೊಂದು ಸೃಷ್ಟಿಸಿದ ಪಾತ್ರ. ಯೋಜನೆಗೆ ಅವಧಿ ಇರುತ್ತದೆ, ಹೆರಿಗೆಗಳಿಗೆ ಇರುವುದಿಲ್ಲ.

ಖಾಯಂ ಪಾತ್ರವೊಂದನ್ನು ಕಟ್ಟುವ ಯತ್ನಗಳು ದೇಶದಲ್ಲಿ ನಡೆಯದೇ ಇಲ್ಲ. ಅಮೆರಿಕದ ಕೊಲೊರಾಡೊದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಮುದಾಯ ಆರೋಗ್ಯ ದಾದಿ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಮೊದಲ ‘ನರ್ಸ್ ಪ್ರಾಕ್ಟಿಷನರ್’ ತರಬೇತಿ ಆರಂಭಿಸಿದಾಗ ಅವರ ಕಣ್ಣು ವೈದ್ಯರು ಸಿಗದ ಮಕ್ಕಳ ಮೇಲಿತ್ತು. ನಾವು ಶುರು ಮಾಡಿದ್ದು ಬೇರೆ ತುದಿಯಿಂದ. ಸುಮಾರು 2016ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ ತೀವ್ರ ನಿಗಾ ಶುಶ್ರೂಷೆಗೆ ಸೀಮಿತ. ವಾರ್ಡಿನಲ್ಲೇ ಬಹುಪಾಲು ಕಲಿಯುವ ಅದರ ಕ್ರಮ ಅನುಕರಣೀಯ. ಆದರೆ ಸ್ವಭಾವತಃ ಅದು ದೊಡ್ಡ ನಗರಗಳ ದೊಡ್ಡ ಆಸ್ಪತ್ರೆಗಳ ಕೋರ್ಸು. ಶಹಾಪುರ ತಾಲ್ಲೂಕಿನ ಆರೋಗ್ಯದ ಮೊದಲ ಕೊರತೆ ವೆಂಟಿಲೇಟರ್ ಅಲ್ಲ.

ನಮಗೆ ಹತ್ತಿರದ ದಾರಿ ಸೂಲಗಿತ್ತಿ ವೃತ್ತಿಯ ಆಧುನಿಕ ರೂಪದಲ್ಲಿದೆ. 2018ರ ಕೇಂದ್ರ ಮಾರ್ಗಸೂಚಿ ‘ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿ’ ಎಂಬ 18 ತಿಂಗಳ ತರಬೇತಿಯನ್ನು ಒಪ್ಪಿತು. ಗುರುಮಠಕಲ್‌ನ ಗಡಿ ದಾಟಿದರೆ ಸಿಗುವ ತೆಲಂಗಾಣ ಅದಕ್ಕೂ ಮುಂಚೆ, 2017ರಲ್ಲೇ, ಹೈದರಾಬಾದಿನ ಫರ್ನಾಂಡಿಸ್ ಫೌಂಡೇಷನ್ ಜೊತೆ ಇಂಥ ತರಬೇತಿಗೆ ಕೈಹಾಕಿತ್ತು. ಹೆರಿಗೆ ನಂತರದ ರಕ್ತಸ್ರಾವದ ಬಗ್ಗೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಇ-ಮೋಟಿವ್’ ಅಧ್ಯಯನ ಈ ದಾರಿಗೆ ಬಲವಾದ ಸಾಕ್ಷ್ಯ. ಅಳತೆಗೆರೆ ಇರುವ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಅಳೆದು, ಮಿತಿ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಆರಂಭಿಸಿದಾಗ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು ಇವೆಲ್ಲ ಸೇರಿ ಶೇ 60ರಷ್ಟು ತಗ್ಗಿದವು. ಹಾಗೆ ಅಳೆಯುವವರೂ ಆರಂಭಿಸುವವರೂ ಹೆಚ್ಚಾಗಿ ಹೆರಿಗೆ ಕೋಣೆಯ ದಾದಿಯರೇ. ಅಪ್ಪಣೆಗೆ ಕಾಯದೆ ಹೆಜ್ಜೆಯಿಡುವ ಅಧಿಕಾರ ಲಿಖಿತ ನಿಯಮಾವಳಿಯಲ್ಲಿ ಇರಬೇಕು, ಅದನ್ನು ಬಳಸುವ ಧೈರ್ಯ ತರಬೇತಿಯಿಂದ ಬರಬೇಕು.

ಇದರ ಜೊತೆಗೆ ಕಣ್ಣಿಗೆ ಬೀಳದ ನಿರ್ವಹಣೆಯ ಕೆಲಸವಿದೆ. ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಯಾದಗಿರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕರೆಂಟು ಹೋಗುತ್ತದೆ. ಫ್ರಿಜ್‌ನ ಉಷ್ಣಾಂಶವನ್ನು ದಿನಕ್ಕೆರಡು ಸಲ ಬರೆದಿಡುವುದು, ಕಲಬುರಗಿಗೆ ಕಳಿಸಿದ ಪ್ರತಿ ತಾಯಿಯ ಮುಂದಿನ ಸ್ಥಿತಿ ವಿಚಾರಿಸುವುದು, ಪಾಳಿ ಪಟ್ಟಿಯಲ್ಲಿ ಹೊಸಬರ ಜೊತೆ ಅನುಭವಿಯೊಬ್ಬರನ್ನು ಹಾಕುವುದು, ತಾಂಡಾದಿಂದ ಬಂದವಳಿಗೆ ಲಂಬಾಣಿ ಬಲ್ಲವರನ್ನು ಜೊತೆಮಾಡುವುದು: ನರ್ಸಿಂಗ್ ನಾಯಕತ್ವದ ಪ್ರಬಂಧಗಳು ಈ ವಸ್ತುಗಳನ್ನು ಆರಿಸಬೇಕಿತ್ತು. ಬದಲಿಗೆ ‘ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ’ ಎಂಬ ಒಂದೇ ಅಚ್ಚಿನಲ್ಲಿ, ಪಾಠಕ್ಕೆ ಮುಂಚೆ ಒಂದು ಪರೀಕ್ಷೆ, ಪಾಠದ ನಂತರ ಇನ್ನೊಂದು ಎಂಬಂತೆ, ಪ್ರಬಂಧಗಳು ಹೊರಬರುತ್ತಲೇ ಇವೆ. ಪಾಠ ಕೇಳಿದವರಿಗೆ ಅಂಕ ಹೆಚ್ಚುವುದನ್ನು ಮತ್ತೆ ಮತ್ತೆ ಸಾಬೀತು ಮಾಡಬೇಕಿಲ್ಲ.

ಉಪಕೇಂದ್ರದ ಮಟ್ಟದಲ್ಲಿ ಬದಲಾವಣೆ ಆಗಲೇ ಆರಂಭವಾಗಿದೆ. 2018ರ ಆಯುಷ್ಮಾನ್ ಭಾರತ್ ನಂತರ ಬಿ.ಎಸ್ಸಿ. ನರ್ಸಿಂಗ್ ಓದಿದವರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹಳ್ಳಿಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ನೋಡುತ್ತಿದ್ದಾರೆ, ಆಶಾ ಕಾರ್ಯಕರ್ತೆಯರ ತಂಡ ನಡೆಸುತ್ತಿದ್ದಾರೆ. ಗುತ್ತಿಗೆಯ ಮೇಲೆ ನೇಮಕವಾದ ಇವರಿಗೆ ಮುಂದಿನ ಮೆಟ್ಟಿಲು ಕಾಣುತ್ತಿಲ್ಲ. ಸಮುದಾಯ ಆರೋಗ್ಯದ ಎಂ.ಎಸ್ಸಿ.ಯನ್ನು, ಕೆಲಸದಲ್ಲಿದ್ದುಕೊಂಡೇ ಮಾಡುವಂತೆ, ಮೊದಲು ತೆರೆಯಬೇಕಾದದ್ದು ಇವರಿಗೆ.

ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದ ಮೇಲೆ ಜಿಲ್ಲೆಯಲ್ಲೇ ಒಂದು ಬೋಧನಾ ಆಸ್ಪತ್ರೆಯಿದೆ. ಸಂವಿಧಾನದ 371(ಜೆ) ವಿಧಿಯ ಅಡಿ, ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಸೀಟಿನ ಮೀಸಲಾತಿಯೊಂದೇ ಸಾಲದು. ಓದಿ ಬಂದವಳಿಗೆ ಹುದ್ದೆಯೂ ಇರಬೇಕು. ಶಹಾಪುರ ಮತ್ತು ಸುರಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ತಲಾ ಒಂದು ‘ಕ್ಲಿನಿಕಲ್ ನರ್ಸ್ ಮುಖ್ಯಸ್ಥೆ’ ಹುದ್ದೆ ಸೃಷ್ಟಿಸಿ, ಪ್ರಸೂತಿ ಶುಶ್ರೂಷೆಯ ಎಂ.ಎಸ್ಸಿ.ಯನ್ನು ಅದರ ಅರ್ಹತೆಯಾಗಿಸಿ, ಉಪನ್ಯಾಸಕರ ವೇತನ ಶ್ರೇಣಿಯನ್ನೇ ಕೊಡಬೇಕು. ಅವರ ಸಮಯದ ಹೆಚ್ಚಿನ ಪಾಲು ಹೆರಿಗೆ ಕೋಣೆಗೆ, ಉಳಿದದ್ದು ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಸ್ಟರ್‌ಗಳಿಗೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಕೇಂದ್ರಗಳನ್ನು ರೆಸಿಡೆನ್ಸಿ ಸ್ಥಳಗಳೆಂದು ಮಾನ್ಯ ಮಾಡಿದರೆ, ಬೆಂಗಳೂರಿನಲ್ಲಿ ಓದುವ ವಿದ್ಯಾರ್ಥಿನಿಯೂ ಕನಿಷ್ಠ ಒಂದು ಅವಧಿಯನ್ನು ಸುರಪುರದ ರಾತ್ರಿ ಪಾಳಿಯಲ್ಲಿ ಕಳೆಯುತ್ತಾಳೆ.