ಗೀಚುವ ಕೈ, ಏಳುವ ಗಾಳಿಗೋಪುರ

ಶಾಲೆಯ ಕೊನೆಯ ಬೆಂಚಿನ ಹುಡುಗನ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ನೋಡಿ. ಅಲ್ಲಿ ಲೆಕ್ಕವಿಲ್ಲ, ಪಾಠವಿಲ್ಲ. ಎರಡು ತ್ರಿಕೋನದ ಗುಡ್ಡ, ನಡುವೆ ಇಣುಕುವ ಸೂರ್ಯ, ಹಾವಿನಂತೆ ಹರಿಯುವ ಹೊಳೆ. ಗುಡ್ಡದ ನೆತ್ತಿಗೆ ಸಾಲು ತೆನೆಗಳ ಒಂದು ಕೋಟೆ, ಮೇಲೊಂದು ಬಾವುಟ. ಅಂಥ ಕೋಟೆ ಯಾವ ಸೀಮೆಯಲ್ಲೂ ಇಲ್ಲ. ಬರೆಯಬೇಕೆಂದು ಕುಳಿತು ಬರೆದದ್ದೂ ಅಲ್ಲ. ಕಿವಿ ಮೇಷ್ಟರ ಕಡೆಗಿದ್ದಾಗ ಕೈ ತನ್ನಷ್ಟಕ್ಕೆ ಗೀಚಿದ್ದು. ದೊಡ್ಡವರೇನೂ ಕಡಿಮೆಯಿಲ್ಲ, ಉದ್ದನೆಯ ಸಭೆ ಮುಗಿದ ಮೇಲೆ ಮೇಜಿನ ಮೇಲೆ ಉಳಿದ ಕಾಗದಗಳೇ ಅದಕ್ಕೆ ಸಾಕ್ಷಿ.

ಇದು ಗಮನಗೇಡಿತನದ ಗುರುತೆಂದು ಬೈಸಿಕೊಂಡವರು ಬಹಳ ಮಂದಿ. ಆದರೆ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 40 ಜನರಿಗೆ ಬೇಸರ ಹುಟ್ಟಿಸುವ ದೂರವಾಣಿ ಸಂದೇಶವೊಂದನ್ನು ಕೇಳಿಸಿದಾಗ, ಪೆನ್ಸಿಲ್ ಆಡಿಸುತ್ತ ಕೇಳಿದವರೇ ಶೇಕಡಾ 29ರಷ್ಟು ಹೆಚ್ಚು ನೆನಪಿಟ್ಟುಕೊಂಡಿದ್ದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಅವರಿಗೆ ಕೊಟ್ಟಿದ್ದು ಅಚ್ಚಾದ ಆಕಾರಗಳಿಗೆ ಬಣ್ಣ ತುಂಬುವ ಕೆಲಸ, ಕೋಟೆ ಕಟ್ಟುವ ಕೆಲಸವಲ್ಲ ಎಂಬುದನ್ನೂ ಹೇಳಬೇಕು.

ಹಾಗಾದರೆ ಕೋಟೆ ಎಲ್ಲಿಂದ ಬರುತ್ತದೆ? ಕೈಗಿಂತ ಮೊದಲು ಕಣ್ಣು ಅದನ್ನು ಕಟ್ಟುತ್ತದೆ. ಕಲೆ ಬಿದ್ದ ಗೋಡೆಯನ್ನು ದಿಟ್ಟಿಸಿ ನೋಡಿದರೆ ಬೆಟ್ಟ, ನದಿ, ಕಾಳಗಗಳೆಲ್ಲ ಕಾಣುತ್ತವೆಂದು ಲಿಯೊನಾರ್ಡೊ ಡ ವಿಂಚಿ ಚಿತ್ರಕಾರರಿಗೆ ಹೇಳಿದ್ದ. ಅಲೆಕ್ಸಾಂಡರ್ ಕೋಜೆನ್ಸ್ ಎಂಬ ಇಂಗ್ಲಿಷ್ ಕಲಾವಿದ 1785ರ ಸುಮಾರಿಗೆ ಇದನ್ನೇ ಪಾಠವಾಗಿ ಮಾಡಿದ. ಮೊದಲು ಕಾಗದದ ಮೇಲೆ ಸರಸರನೆ ಮಸಿಯ ಕಲೆ ಹಾಕುವುದು, ಆಮೇಲೆ ಅದರೊಳಗಿನ ಗುಡ್ಡ ಮರಗಳನ್ನು ಹುಡುಕಿ ತೆಗೆಯುವುದು.

ಈ ಆಟವನ್ನು ಹುಚ್ಚಿನಂತೆ ಆಡಿದವನು ಫ್ರಾನ್ಸಿನ ಕಾದಂಬರಿಕಾರ ವಿಕ್ಟರ್ ಹ್ಯೂಗೊ. 1840ರಲ್ಲಿ ರೈನ್ ನದಿಯ ದಂಡೆಯಲ್ಲಿ ಕಂಡ ಪಾಳು ಕೋಟೆಗಳು ಅವನ ತಲೆಯಿಂದ ಹೋಗಲೇ ಇಲ್ಲ. ಮುಂದೆ ಚಕ್ರವರ್ತಿಯ ವಿರೋಧ ಕಟ್ಟಿಕೊಂಡು ದೇಶಭ್ರಷ್ಟನಾಗಿ ಜೆರ್ಸಿ, ಗರ್ನ್‌ಸಿ ದ್ವೀಪಗಳಲ್ಲಿ ಕಾಲ ಕಳೆಯುವಾಗ ಅವು ಮಸಿಯಲ್ಲಿ ಎದ್ದು ಬಂದವು. ಕಾಗದದ ಮೇಲೆ ಮಸಿ ಚೆಲ್ಲುತ್ತಿದ್ದ, ಮಡಚಿ ಒತ್ತುತ್ತಿದ್ದ, ಕಾಫಿ ಮತ್ತು ಕಾಡಿಗೆಯನ್ನೂ ಬೆರೆಸುತ್ತಿದ್ದ. ಹರಡಿದ ಕಪ್ಪಿನೊಳಗೆ ಒಂದೆರಡು ಗೆರೆ ಎಳೆದರೆ ಮಂಜಿನಲ್ಲಿ ಬುರುಜು ನಿಂತಿರುತ್ತಿತ್ತು. ಹೀಗೆ ಬರೆದದ್ದು ಸುಮಾರು 4 ಸಾವಿರ ಚಿತ್ರ. ಬದುಕಿರುವಾಗ ಬಹುಪಾಲು ಆಪ್ತರಿಗಷ್ಟೇ ತೋರಿಸಿದ್ದ. ಅವನು ತೀರಿಕೊಂಡದ್ದು 1885ರಲ್ಲಿ; ಮೂರು ವರ್ಷದ ಬಳಿಕ ಪ್ಯಾರಿಸ್ಸಿನಲ್ಲಿ ಅವುಗಳ ಪ್ರದರ್ಶನ ನಡೆಯಿತು.

ನಮ್ಮಲ್ಲಿ ಈ ಜಾಡಿನ ದೊಡ್ಡ ಹೆಸರು ರವೀಂದ್ರನಾಥ ಠಾಕೂರರದು. 1883ರಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನೊಡನೆ ಕಾರವಾರದ ಕಡಲ ದಂಡೆಯಲ್ಲಿದ್ದು ನಾಟಕ ಬರೆದ ಯುವಕ, ಕುಂಚ ಹಿಡಿದದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದಂತೆ ಹಕ್ಕಿ, ವಿಚಿತ್ರ ಪ್ರಾಣಿಗಳು ಮೂಡಿದವು. ಅದೇ ಕೈ ಬರಬರುತ್ತ ಕಪ್ಪು ಮರ, ಹೊಂಬಣ್ಣದ ಆಕಾಶದ ಭೂದೃಶ್ಯಗಳಿಗೆ ಇಳಿಯಿತು. 1930ರಲ್ಲಿ ಪ್ಯಾರಿಸ್ಸಿನ ಜನ ಅವನ್ನು ಕಂಡರು.

ಇನ್ನು ರಾಯಚೂರು ಸೀಮೆಗೆ ಬರೋಣ. ಬಾಗಲವಾಡ, ಮಾನ್ವಿ, ದೇವದುರ್ಗದ ಕಡೆಯ ಮಕ್ಕಳಿಗೆ ಕೋಟೆ ಕಾಣಲು ಮಸಿಯ ಕಲೆ ಬೇಕಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ಬಂಡೆಯ ಮೇಲೆ ಬಂಡೆ ಕುಳಿತ ಗುಡ್ಡಗಳೇ ಸಂಜೆಯ ಹೊತ್ತಿಗೆ ಬುರುಜು, ಕೊತ್ತಲ, ಹುಡೇವುಗಳಾಗಿ ಕಾಣುತ್ತವೆ. ಆದರೂ ಹಿಂದಿನವರು ಇಲ್ಲಿನ ಬಂಡೆಗಳ ಮೇಲೆ ಕೋಟೆ ಬರೆಯಲಿಲ್ಲ. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಸಂಶೋಧನೆ ನಡೆಸಿ ಎಫ್.ಆರ್. ಆಲ್ಚಿನ್ 1960ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ಬಂಡೆಗೆ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಹೆಚ್ಚಿನವು ಇಣಿಯುಳ್ಳ ದನಗಳು. ದನ ಕಾಯುವವನ ಕೈ ದನವನ್ನೇ ಬರೆಯಿತು. ಬೇಸರ ಕಳೆಯಲೋ, ಪೂಜೆಗೋ? ಎರಡೂ ಇದ್ದಿರಬಾರದೇಕೆ?

ಕೋಟೆಗೂ ಗೆರೆಗೂ ನಂಟು ಕಾಣುವುದು ರಾಯಚೂರು ಪಟ್ಟಣದಲ್ಲಿ. ಇಲ್ಲಿ ಮಾತ್ರ ಎಲ್ಲ ತಿರುವುಮುರುವು. ಚಿತ್ರದೊಳಗೆ ಕೋಟೆಯಿಲ್ಲ, ಕೋಟೆಯ ಮೈಮೇಲೆ ಚಿತ್ರವಿದೆ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥನು 1294ರಲ್ಲಿ ಈ ಕೋಟೆ ಕಟ್ಟಿಸಿದನೆಂದು ತೆಲುಗು ಶಾಸನ ಹೇಳುತ್ತದೆ. ಶಾಸನವಿರುವ ಕಲ್ಲಿನ ಉದ್ದವೇ ಸುಮಾರು 41 ಅಡಿ! ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ? ಶಾಸನ ಹೇಳದ ಆ ಸಂಗತಿಯನ್ನು ಗೋಡೆಯಲ್ಲಿ ಕೊರೆದ ರೇಖಾಚಿತ್ರ ಹೇಳುತ್ತದೆ. ಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಎಳೆಯುವ ದನಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು, ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವವರು. ಇದು ಗಾಳಿಗೋಪುರವಲ್ಲ, ಕಣ್ಣಾರೆ ಕಂಡದ್ದರ ಲೆಕ್ಕ. ಆದರೆ ಅಪ್ಪಣೆ ಕೊಟ್ಟವನ ಹೆಸರು ಉಳಿಯಿತು, ಸನ್ನೆಗೋಲು ಹಿಡಿದವನದು ಉಳಿಯಲಿಲ್ಲ. ಅವನ ಬೆನ್ನಿನ ಬಾಗು ಮಾತ್ರ ಗೆರೆಯಲ್ಲಿದೆ.

ಹೆಸರಿಲ್ಲದ ಗೆರೆಗಳಿಗೆ ಒಡೆಯರಿಲ್ಲ, ಆದ್ದರಿಂದ ಮೊದಲು ಅಳಿಯುವುದೂ ಅವೇ. ಬಳ್ಳಾರಿ ಬಳಿಯ ಕುಪ್ಪಗಲ್ಲು ಗುಡ್ಡದ ಬಂಡೆಚಿತ್ರಗಳ ಬಗ್ಗೆ ಫಾಸೆಟ್ ಎಂಬ ಅಧಿಕಾರಿ 1892ರಲ್ಲೇ ಬರೆದಿದ್ದ. ಅಲ್ಲಿಗೂ ಕಲ್ಲು ಒಡೆಯುವವರು ಬಂದರು, ಚಿತ್ರಗಳಿಗೆ ಧಕ್ಕೆಯಾಯಿತು. ಹಳೆಯ ಕೋಟೆಯ ಗೋಡೆ ಎಂದರೆ ತಮ್ಮ ಹೆಸರು ಬರೆಯುವ ಹಲಗೆ ಎಂದುಕೊಂಡವರ ಹಾವಳಿ ಬೇರೆ.

ಕಲ್ಲಿನದೇ ಈ ಪಾಡಾದರೆ ಕಾಗದದ್ದನ್ನು ಕೇಳುವವರಾರು? ವರ್ಷದ ಪರೀಕ್ಷೆ ಮುಗಿದೊಡನೆ ನೋಟ್‌ಬುಕ್ಕುಗಳು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ. ಸಂತೆಯಲ್ಲಿ ಶೇಂಗಾ ಕಟ್ಟಿಕೊಟ್ಟ ಪೊಟ್ಟಣವನ್ನು ಬಿಚ್ಚಿದರೆ ಒಳಬದಿಗೆ ಒಮ್ಮೊಮ್ಮೆ ಎರಡು ಗುಡ್ಡ, ಒಂದು ಹೊಳೆ, ಬಾವುಟ ಹಾರುವ ಕೋಟೆ.