ಸ್ವಂತ ಮನೆಯಲ್ಲೇ ಅಪರಿಚಿತರು

1839ರ ಚಳಿಗಾಲದಲ್ಲಿ ಫ್ರಾನ್ಸಿನ ಸೇಂಟ್ ಸರ್ವಾನ್ ಪಟ್ಟಣದ ಜೀನ್ ಜುಗಾನ್ ಎಂಬ ಬಡ ಮಹಿಳೆ, ದಿಕ್ಕಿಲ್ಲದ ಅಂಧ ವೃದ್ಧೆಯೊಬ್ಬರನ್ನು ಮನೆಗೆ ಕರೆತಂದು, ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟು, ತಾವು ಅಟ್ಟದಲ್ಲಿ ಮಲಗಿದರು. ವೃದ್ಧರ ಆರೈಕೆಗೆ ಮುಡಿಪಾದ 'ಬಡವರ ಕಿರಿಯ ಸಹೋದರಿಯರು' ಎಂಬ ಕನ್ಯಾಸ್ತ್ರೀಯರ ಸಭೆ ಹುಟ್ಟಿದ್ದು ಹೀಗೆ.

ಆದರೆ ಅವರ ಸ್ವಂತ ಮುಪ್ಪು ಹೇಗಿತ್ತು? ಸಭೆಯ ಆಡಳಿತವನ್ನು ವಹಿಸಿಕೊಂಡ ಗುರುವೊಬ್ಬರು ತಾವೇ ಸ್ಥಾಪಕರೆನಿಸಿಕೊಂಡರು. 1852ರಲ್ಲಿ ಜೀನ್ ಅವರನ್ನು ಎಲ್ಲ ಹೊಣೆಗಳಿಂದಲೂ ದೂರವಿರಿಸಲಾಯಿತು. 1879ರಲ್ಲಿ ಮರಣ ಹೊಂದುವವರೆಗಿನ 27 ವರ್ಷ ಅವರು ಮಾತೃಗೃಹದಲ್ಲಿ ಎಳೆಯ ಸಹೋದರಿಯರ ನಡುವೆ ಮೌನವಾಗಿ ಬಾಳಿದರು. ಈ ವೃದ್ಧೆಯೇ ತಮ್ಮ ಸಭೆಯ ತಾಯಿಯೆಂಬುದು ಆ ಎಳೆಯರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಸತ್ಯ ಬೆಳಕಿಗೆ ಬಂದದ್ದು ಅವರ ಮರಣಾನಂತರ. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ನಮ್ಮ ಮನೆಗಳಲ್ಲಿಯೂ ತಲೆಮಾರುಗಳ ನಡುವಣ ಬಿರುಕಿಗೆ ಎಷ್ಟೋ ಬಾರಿ ಇಂತಹ ಅರಿವಿನ ಕೊರತೆಯೇ ಮೂಲ. ಹಿರಿಯರಿಗೆ ಊಟ, ಔಷಧ ಕೊಡುತ್ತೇವೆ. ಅವರ ಮಾತಿಗೆ ಕಿವಿಗೊಡುವುದಿಲ್ಲ. ಮೂಲೆಯಲ್ಲಿ ಕುಳಿತ ಅಜ್ಜಿ ಈ ಕುಟುಂಬವನ್ನು ಯಾವ ಕಷ್ಟದಲ್ಲಿ ಕಟ್ಟಿದರೆಂದು ಮೊಮ್ಮಕ್ಕಳಿಗೆ ಹೇಳುವವರಾರು? ಇಂದು ಸಂಜೆ ಜಪಸರವಾದ ಬಳಿಕ ಮಕ್ಕಳನ್ನು ಅವರ ಬಳಿ ಕೂರಿಸಿರಿ. ಗೌರವ ಸಲ್ಲಿಸಲು ಮರಣದ ದಿನವನ್ನು ಕಾಯಬೇಕಾಗಿಲ್ಲ.